ಡೊಮೈನ್ ನಿಮ್ಮ ಹೆಸರಲ್ಲೇ ಇರಲಿ

ಸಣ್ಣ ವ್ಯಾಪಾರ ಶುರು ಮಾಡುವವರು ಡೊಮೈನ್‌ಗೆ, ಅಂದರೆ ವೆಬ್‌ಸೈಟಿನ ವಿಳಾಸಕ್ಕೆ, ಏನು ಹೆಸರಿಡೋದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮನೆಮಂದಿಯನ್ನೆಲ್ಲ ಕೇಳುತ್ತಾರೆ, ಸ್ನೇಹಿತರ ಗುಂಪಿನಲ್ಲಿ ವೋಟು ಹಾಕಿಸುತ್ತಾರೆ. ಹೆಸರು ಗಟ್ಟಿಯಾದ ಮೇಲೆ ಕೊಳ್ಳುವ ಕೆಲಸವನ್ನು ವೆಬ್‌ಸೈಟ್ ಮಾಡಿಕೊಡುವವರಿಗೆ ವಹಿಸಿ, "ನೀವೇ ನೋಡ್ಕೊಳ್ಳಿ" ಅಂದುಬಿಡುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ. ಹೆಸರು ಸ್ವಲ್ಪ ಉದ್ದ ಆದರೂ ವ್ಯಾಪಾರ ನಡೆಯುತ್ತದೆ. ಅದು ಬೇರೆಯವರ ಖಾತೆಯಲ್ಲಿ ಕೂತಿದ್ದರೆ ಒಂದಲ್ಲ ಒಂದು ದಿನ ತೊಂದರೆ ತಪ್ಪಿದ್ದಲ್ಲ.

ಡೊಮೈನ್ ಕೊಂಡೆ ಅಂತ ಎಲ್ಲರೂ ಹೇಳುತ್ತೇವೆ. ನಿಜ ಹೇಳಬೇಕಂದ್ರೆ ಅದು ಬಾಡಿಗೆ ಮನೆ ಇದ್ದ ಹಾಗೆ. ಡಾಟ್ ಕಾಮ್ ಆದರೆ ಕಡಿಮೆ ಅಂದರೆ 1 ವರ್ಷ, ಜಾಸ್ತಿ ಅಂದರೆ 10 ವರ್ಷ. ಅವಧಿ ಮುಗಿಯುವ ಮೊದಲು ಮತ್ತೆ ಕಟ್ಟಬೇಕು. ಇಡೀ ವ್ಯವಸ್ಥೆಯ ಮೇಲ್ವಿಚಾರಣೆ 1998ರಲ್ಲಿ ಹುಟ್ಟಿದ ಐಕ್ಯಾನ್ ಸಂಸ್ಥೆಯದು. ಡಾಟ್ ಕಾಮ್‌ನ ಮೂಲ ಪಟ್ಟಿ ಇಟ್ಟುಕೊಂಡಿರುವುದು ವೆರಿಸೈನ್, ಅದಕ್ಕೆ ರಿಜಿಸ್ಟ್ರಿ ಅನ್ನುತ್ತಾರೆ. ನಾವು ಹಣ ಕಟ್ಟುವ ಕಂಪನಿ ರಿಜಿಸ್ಟ್ರಾರ್. ಕೊನೆಯಲ್ಲಿ ರಿಜಿಸ್ಟ್ರೆಂಟ್ ಅಂತ ಒಂದು ಜಾಗ ಇದೆ. ಅಲ್ಲಿ ಯಾರ ಹೆಸರಿದೆಯೋ ಡೊಮೈನ್ ಅವರದು. ಸೈಟಿನಲ್ಲಿ ಯಾರ ಫೋಟೋ ಇದೆ, ಡಿಸೈನರ್‌ಗೆ ಯಾರು ದುಡ್ಡು ಕೊಟ್ಟರು ಅನ್ನುವುದೆಲ್ಲ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ನನಗೆ ಪರಿಚಯದ ಒಬ್ಬರು ಹೊಲಿಗೆ ಕೆಲಸದ ಸಣ್ಣ ಉದ್ಯಮ ನಡೆಸುತ್ತಾರೆ. ಅವರಿಗೆ ಸೈಟ್ ಮಾಡಿಕೊಟ್ಟ ಹುಡುಗ ಒಳ್ಳೆಯವನೇ. ಪ್ರತಿ ಗಿರಾಕಿಗೂ ಬೇರೆ ಬೇರೆ ಖಾತೆ ತೆರೆಯುವುದು ರಗಳೆ ಅಂತ ಎಲ್ಲರ ಡೊಮೈನನ್ನೂ ತನ್ನ ಒಂದೇ ಖಾತೆಯಲ್ಲಿ ಇಟ್ಟುಕೊಂಡಿದ್ದ. ಕೆಲವು ವರ್ಷ ಎಲ್ಲ ಸರಿಯಾಗೇ ನಡೆಯಿತು. ಆಮೇಲೆ ಅವನು ಬೇರೆ ಕೆಲಸ ಹಿಡಿದ, ನಂಬರ್ ಬದಲಾಯಿತು. ರಿನ್ಯೂ ಮಾಡಿ ಅಂತ ಬರುವ ಮೇಲ್‌ಗಳು ಅವನು ತೆರೆಯದ ಹಳೇ ಇನ್‌ಬಾಕ್ಸಿಗೆ ಹೋಗುತ್ತಿದ್ದವು. ಒಂದು ಬೆಳಿಗ್ಗೆ ಸೈಟ್ ಇದ್ದ ಜಾಗದಲ್ಲಿ ಯಾವುದೋ ಜಾಹೀರಾತಿನ ಪುಟ. ಜೊತೆಗೆ ಆರ್ಡರ್ ಬರುತ್ತಿದ್ದ ಇಮೇಲ್ ಕೂಡ ಬಂದ್. ಅವರು ಗಾಬರಿಯಿಂದ ರಿಜಿಸ್ಟ್ರಾರ್‌ಗೆ ಬರೆದರೆ ಬಂದ ಉತ್ತರ ಎರಡೇ ಸಾಲು: ಈ ಡೊಮೈನ್ ನಿಮ್ಮ ಖಾತೆಯಲ್ಲಿಲ್ಲ, ಖಾತೆದಾರರ ಇಮೇಲ್‌ನಿಂದ ಬರೆಯಿರಿ. ವಿಸಿಟಿಂಗ್ ಕಾರ್ಡು, ಬಟ್ಟೆಯ ಚೀಲ, ರಸೀದಿ ಪುಸ್ತಕ ಎಲ್ಲದರ ಮೇಲೂ ಅದೇ ವಿಳಾಸ. ಆ ರಿಜಿಸ್ಟ್ರಾರ್ ಮಾಡಿದ್ದು ನಿಯಮದ ಪ್ರಕಾರ ಸರಿಯೇ. ಗೊತ್ತಿಲ್ಲದವರು ಯಾರೋ ಬರೆದರು ಅಂತ ಡೊಮೈನ್ ಕೊಟ್ಟುಬಿಟ್ಟರೆ ಯಾರ ಹೆಸರೂ ಉಳಿಯಲ್ಲ, ಅಲ್ವಾ?

ಅದಕ್ಕೇ ಹೇಳುವುದು: ಖಾತೆ ನೀವೇ ತೆರೆಯಿರಿ. ಹತ್ತು ನಿಮಿಷದ ಕೆಲಸ. ನಿಮ್ಮ ಇಮೇಲ್, ನಿಮ್ಮ ಕಾರ್ಡ್, ನಿಮ್ಮ ಫೋನ್. ಡಿಸೈನರ್‌ಗೆ ಕೆಲಸ ಮಾಡಲು ಪಾಸ್‌ವರ್ಡ್ ಬೇಕಾಗಿಲ್ಲ. ಎಷ್ಟೋ ರಿಜಿಸ್ಟ್ರಾರ್‌ಗಳಲ್ಲಿ ಬೇರೆಯವರಿಗೆ ಸೀಮಿತ ಪ್ರವೇಶ ಕೊಡುವ ಸೌಲಭ್ಯ ಇದೆ. ಅದಿಲ್ಲದಿದ್ದರೆ ಡಿಸೈನರ್ ಕೊಟ್ಟ ನೇಮ್‌ಸರ್ವರ್ (ಡೊಮೈನ್ ಎಲ್ಲಿಗೆ ಹೋಗಬೇಕು ಅಂತ ದಾರಿ ತೋರಿಸುವ ಕಂಪ್ಯೂಟರ್) ವಿಳಾಸಗಳನ್ನು ನೀವೇ ಕಾಪಿ ಮಾಡಿ ಹಾಕಿದರೆ ಸಾಕು. ಪ್ರಾಮಾಣಿಕವಾಗಿ ಕೆಲಸ ಮಾಡುವ ಡಿಸೈನರ್‌ಗಳಿಗೂ ಇದೇ ಇಷ್ಟ. ಗಿರಾಕಿಯ ಡೊಮೈನ್ ಅವಧಿ ನೆನಪಿಟ್ಟುಕೊಳ್ಳುವ ಹೊರೆ ಅವರಿಗೂ ಬೇಡ.

ಖಾತೆಗೆ ಕೊಡುವ ಇಮೇಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಅದು ಅದೇ ಡೊಮೈನಿನ ಮೇಲೆ ನಡೆಯುವ ಇಮೇಲ್ ಆಗಬಾರದು. ಡೊಮೈನ್ ನಿಂತರೆ ಆ ಇಮೇಲ್ ಕೂಡ ನಿಲ್ಲುತ್ತದೆ, ಪಾಸ್‌ವರ್ಡ್ ಮರಳಿ ಪಡೆಯುವ ಕೊಂಡಿ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಬೇರೆ ಕಡೆ ಇರುವ, ನೀವು ದಿನಾ ನೋಡುವ ವಿಳಾಸ ಕೊಡಿ. ಕೆಲಸಕ್ಕಿರುವವರ ಇಮೇಲ್ ಕೊಡಬೇಡಿ, ಅವರು ನಾಳೆ ಬಿಟ್ಟು ಹೋಗಬಹುದು. ಎರಡು ಹಂತದ ಲಾಗಿನ್ ಹಾಕಿ. ಕೊಂಡ ತಕ್ಷಣ ವಿಳಾಸ ಖಚಿತಪಡಿಸಿ ಅಂತ ಒಂದು ಮೇಲ್ ಬರುತ್ತದೆ, ಅದನ್ನು ಸ್ಪ್ಯಾಮ್ ಅಂದುಕೊಂಡು ಬಿಡಬೇಡಿ. 15 ದಿನದೊಳಗೆ ಅದರಲ್ಲಿರುವ ಕೊಂಡಿ ಒತ್ತದಿದ್ದರೆ ಡೊಮೈನ್ ತಡೆಹಿಡಿಯುವ ನಿಯಮ ಇದೆ.

ಅವಧಿ ಮುಗಿದರೆ ಏನಾಗುತ್ತದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಡಾಟ್ ಕಾಮ್‌ನಲ್ಲಿ ಮೊದಲು ಹಣ ಕಟ್ಟಲು ಒಂದು ಹೆಚ್ಚುವರಿ ಗಡುವು ಸಿಗುತ್ತದೆ, ಜಾಸ್ತಿ ಅಂದರೆ 45 ದಿನ. ಎಷ್ಟು ದಿನ ಕೊಡಬೇಕು ಅನ್ನುವುದು ರಿಜಿಸ್ಟ್ರಾರ್‌ಗೆ ಬಿಟ್ಟದ್ದು, ಕೆಲವರು ಅಷ್ಟು ಕೊಡುವುದಿಲ್ಲ. ಆ ಹೊತ್ತಿಗೇ ಹರಾಜಿಗೆ ಇಡುವವರೂ ಇದ್ದಾರೆ. ಆಮೇಲೆ 30 ದಿನ ರಿಡೆಂಪ್ಷನ್ ಅವಧಿ. ಆಗಲೂ ವಾಪಸ್ ಪಡೆಯಬಹುದು, ಆದರೆ ಮಾಮೂಲಿ ಶುಲ್ಕದ ಎಷ್ಟೋ ಪಟ್ಟು ಕಟ್ಟಬೇಕು. ಅದೂ ಮುಗಿದರೆ 5 ದಿನ ಯಾರೂ ಏನೂ ಮಾಡುವಂತಿಲ್ಲ. ಅದಾದ ಮೇಲೆ ಹೆಸರು ಬಿಡುಗಡೆಯಾಗುತ್ತದೆ. ಇಂಥ ಹೆಸರುಗಳನ್ನು ಹಿಡಿಯಲೆಂದೇ ಸಾಫ್ಟ್‌ವೇರ್ ಬಿಟ್ಟುಕೊಂಡು ಕಾಯುವ ಕಂಪನಿಗಳಿವೆ. ಹಳೇ ಸೈಟಿಗೆ ಬರುತ್ತಿದ್ದ ಜನ, ಸರ್ಚ್‌ನಲ್ಲಿ ಸಿಕ್ಕಿದ್ದ ಜಾಗ ಎಲ್ಲ ಅವರಿಗೆ ಪುಕ್ಕಟೆ. ನೀವು ಕೈಯಿಂದ ಟೈಪ್ ಮಾಡುವಷ್ಟರಲ್ಲಿ ಅದು ಹೋಗಿರುತ್ತದೆ.

ದೊಡ್ಡವರಿಗೂ ಇದು ಆಗಿದೆ. 1999ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಶುಲ್ಕ ಕಟ್ಟುವುದನ್ನೇ ಮರೆತಿತ್ತು. ಆ ಕಂಪನಿಯ ಇಮೇಲ್ ಸೇವೆ ಹಾಟ್‌ಮೇಲ್‌ನ ಲಾಗಿನ್ ನಡೆಯುತ್ತಿದ್ದದ್ದು ಅದರ ಮೂಲಕ. ಲಿನಕ್ಸ್ ಪ್ರೋಗ್ರಾಮರ್ ಒಬ್ಬರು ತಮ್ಮ ಕಾರ್ಡಿನಿಂದಲೇ ಹಣ ಕಟ್ಟಿ ಅದನ್ನು ಸರಿಮಾಡಿದರು. ನಮ್ಮ ಡೊಮೈನಿಗೆ ಅಂಥ ಪುಣ್ಯಾತ್ಮರು ಸಿಗುತ್ತಾರೆ ಅಂತ ಕೂರೋಕಾಗಲ್ಲ. ಆಟೋ ರಿನ್ಯೂ ಹಾಕಿ, ಮತ್ತೆ ಆ ಕಾರ್ಡಿನ ಅವಧಿ ಯಾವಾಗ ಮುಗಿಯುತ್ತದೆ ಅಂತಲೂ ಬರೆದಿಡಿ. ಕಾರ್ಡ್ ಬದಲಾದಾಗ ಆಟೋ ರಿನ್ಯೂ ಸದ್ದಿಲ್ಲದೆ ಕೈಕೊಡುತ್ತದೆ. ವ್ಯಾಪಾರ ಗಟ್ಟಿಯಾಗಿ ನೆಲೆಯೂರಿದೆ ಅನ್ನುವ ನಂಬಿಕೆ ಬಂದಿದ್ದರೆ ಒಂದೇ ಸಲಕ್ಕೆ ಕೆಲವು ವರ್ಷಕ್ಕೆ ಕಟ್ಟಿಬಿಡುವುದು ಒಳ್ಳೆಯದು.

ಇನ್ನು ಹೆಸರಿನ ವಿಷಯಕ್ಕೆ ಬರೋಣ. ಫೋನಿನಲ್ಲಿ ಒಬ್ಬರಿಗೆ ಹೇಳಿ, ಅವರು ಟೈಪ್ ಮಾಡಿ ನೋಡಲಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. "ಅದು ಬರೀ ಎಸ್ಸಾ, ಎಸ್ ಎಚ್ಚಾ?" "ಟು ಅಂದ್ರೆ ಅಂಕಿನಾ, ಅಕ್ಷರನಾ?" "ನಡುವೆ ಗೆರೆ ಇದ್ಯಾ?" ಇಂಥ ಪ್ರಶ್ನೆ ಬಂದರೆ ಹೆಸರು ಬದಲಾಯಿಸಿ. ವ್ಯಾಪಾರ ನಡೆಯುವಷ್ಟು ದಿನವೂ ಪ್ರತಿ ಗಿರಾಕಿಗೆ ಅದನ್ನೇ ಬಿಡಿಸಿ ಹೇಳುತ್ತಾ ಕೂರಬೇಕಾಗುತ್ತದೆ. ನಿಯಮದ ಪ್ರಕಾರ ಚುಕ್ಕೆಯ ಹಿಂದಿನ ಭಾಗ 63 ಅಕ್ಷರದವರೆಗೂ ಇರಬಹುದು, ಅಂಕಿ ಮತ್ತು ಅಡ್ಡಗೆರೆಗೂ ಅವಕಾಶ ಇದೆ. ಅವಕಾಶ ಇದೆ ಅಂತ ಬಳಸಬೇಕಾಗಿಲ್ಲ. ಇಂಗ್ಲಿಷ್ ಅಲ್ಲದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬೊಬ್ಬರು ಒಂದೊಂದು ಸ್ಪೆಲಿಂಗ್ ಹಾಕುತ್ತಾರೆ. ಹೆಸರು ಬಿಡಲು ಮನಸ್ಸಿಲ್ಲ ಅನ್ನುವುದಾದರೆ ಜನ ಜಾಸ್ತಿ ಬಳಸುವ ಎರಡು ಸ್ಪೆಲಿಂಗ್ ಕೊಂಡು, ಒಂದನ್ನು ಇನ್ನೊಂದಕ್ಕೆ ತಿರುಗಿಸಿಬಿಡಿ. ಎರಡು ಪದ ಸೇರಿಸಿದಾಗ ನಡುವೆ ಜಾಗ ಇರಲ್ಲ ಅನ್ನುವುದೂ ನೆನಪಿರಲಿ. ಒಟ್ಟಿಗೆ ಓದಿದರೆ ಅಪಾರ್ಥ ಹುಟ್ಟುತ್ತದಾ ಅಂತ ಹೊಸಬರೊಬ್ಬರಿಗೆ ತೋರಿಸಿ.

ಬೇಕಾದ ಹೆಸರು ಸಿಗಲಿಲ್ಲ ಅಂತ ವ್ಯಾಪಾರವನ್ನೇ ತಡ ಮಾಡುವವರನ್ನೂ ನೋಡಿದ್ದೇನೆ. ಅದು ಬೇಡ. ಫೇಸ್‌ಬುಕ್ ಶುರುವಾದದ್ದು ದ ಫೇಸ್‌ಬುಕ್ ಡಾಟ್ ಕಾಮ್ ಅಂತ, 2005ರಲ್ಲಷ್ಟೇ ಈಗಿನ ಹೆಸರು ಕೊಂಡರು. ಟೆಸ್ಲಾ ಕಂಪನಿಗೆ ಟೆಸ್ಲಾ ಡಾಟ್ ಕಾಮ್ ಸಿಕ್ಕಿದ್ದು 2016ರಲ್ಲಿ. ಅಲ್ಲಿಯವರೆಗೆ ಹೆಸರಿನ ಕೊನೆಗೆ ಮೋಟರ್ಸ್ ಅಂತ ಸೇರಿಸಿಕೊಂಡೇ ಕಾರು ಮಾರಿದರು. ನೀವೂ ಒಂದು ಪದ ಸೇರಿಸಿಕೊಳ್ಳಿ. ಒಂದೇ ಸರಕಿಗೆ ಕಟ್ಟಿಹಾಕುವ ಪದ ಮಾತ್ರ ಬೇಡ, ನಾಳೆ ಬೇರೆ ಏನಾದರೂ ಮಾರಬೇಕು ಅನಿಸಬಹುದು.

ಕೊಳ್ಳುವ ಮುಂಚೆ ಎರಡು ಕಡೆ ನೋಡಲೇಬೇಕು. ಒಂದು, ಅದು ಯಾರದ್ದಾದರೂ ಟ್ರೇಡ್‌ಮಾರ್ಕ್ ಆಗಿದೆಯಾ ಅಂತ. 1999ರಿಂದ ಐಕ್ಯಾನ್‌ನಲ್ಲಿ ಯುಡಿಆರ್‌ಪಿ ಅನ್ನುವ ವ್ಯಾಜ್ಯ ನಿಯಮ ಇದೆ. ಹೆಸರು ತಮ್ಮ ಗುರುತಿಗೆ ಹೋಲುತ್ತದೆ, ನಿಮಗೆ ಅದರ ಮೇಲೆ ಹಕ್ಕಿಲ್ಲ, ದುರುದ್ದೇಶದಿಂದ ಕೊಂಡು ಬಳಸುತ್ತಿದ್ದೀರಿ, ಈ ಮೂರನ್ನೂ ಆ ಟ್ರೇಡ್‌ಮಾರ್ಕ್ ಇರುವವರು ತೋರಿಸಿಕೊಟ್ಟರೆ ಡೊಮೈನ್ ಅವರಿಗೆ ಹೋಗುತ್ತದೆ. ದೊಡ್ಡ ಬ್ರಾಂಡಿನ ಹೆಸರನ್ನು ಚೂರು ತಿರುಚಿ ಇಡುವವರು ಇದನ್ನು ತಿಳಿದುಕೊಳ್ಳಬೇಕು. ಎರಡನೆಯದು, ಆ ಹೆಸರು ಹಿಂದೆ ಯಾರ ಬಳಿ ಇತ್ತು ಅಂತ. ಹಳೇ ವೆಬ್ ಪುಟಗಳನ್ನು ಕೂಡಿಟ್ಟಿರುವ ವೇಬ್ಯಾಕ್ ಮಷಿನ್ ಅನ್ನುವ ಸೈಟಿನಲ್ಲಿ ಹಾಕಿದರೆ ಹಳೇ ಪುಟಗಳು ಕಾಣುತ್ತವೆ. ಹಿಂದೆ ಜೂಜಿನ ಸೈಟೋ ನಕಲಿ ಔಷಧಿಯ ಸೈಟೋ ಇದ್ದರೆ ಆ ಕೆಟ್ಟ ಹೆಸರು ನಿಮ್ಮ ಇಮೇಲ್‌ಗೂ ಅಂಟಬಹುದು.

ಚುಕ್ಕೆಯ ಮುಂದೆ ಏನಿರಬೇಕು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಹಳೆಯದೇ: ಸಿಕ್ಕರೆ ಡಾಟ್ ಕಾಮ್, ಇಲ್ಲದಿದ್ದರೆ ನಿಮ್ಮ ದೇಶದ್ದು. ಮೊದಲ ಡಾಟ್ ಕಾಮ್ ನೋಂದಣಿ ಆದದ್ದು 1985ರ ಮಾರ್ಚ್ 15ರಂದು, ಸಿಂಬಾಲಿಕ್ಸ್ ಅನ್ನುವ ಕಂಪ್ಯೂಟರ್ ಕಂಪನಿಯ ಹೆಸರಿಗೆ. ಅಂದಿನಿಂದ ಜನರ ಬೆರಳಿಗೆ ಅದೇ ಅಭ್ಯಾಸ. ಆನ್‌ಲೈನ್ ಅಂಗಡಿ ನಡೆಸುವ ಓವರ್‌ಸ್ಟಾಕ್ ಕಂಪನಿ 2011ರಲ್ಲಿ ಒ ಡಾಟ್ ಕೊ ಅಂತ ಹೆಸರು ಬದಲಿಸಿ ಜೋರಾಗಿ ಪ್ರಚಾರ ಮಾಡಿತು. ಜನ ಹೋಗಿ ಒ ಡಾಟ್ ಕಾಮ್ ಅಂತ ಟೈಪ್ ಮಾಡಿದರು. ಕೊನೆಗೆ ಹಳೇ ಹೆಸರಿಗೇ ವಾಪಸ್ ಬಂದರು. ಅಷ್ಟು ಪ್ರಚಾರ ಮಾಡಿದವರ ಕೈಲೇ ಆಗದ್ದು ಸಣ್ಣ ವ್ಯಾಪಾರಿಯ ಕೈಲಿ ಆಗುವುದು ಕಷ್ಟ.

ಚುಕ್ಕೆಯ ಮುಂದೆ ಬರುವ ಎರಡು ಅಕ್ಷರದ ತುದಿಗಳೆಲ್ಲ ಯಾವುದೋ ಒಂದು ದೇಶ ಇಲ್ಲವೇ ಪ್ರದೇಶದವು. ಟಿವಿ ಅಂದರೆ ಟುವಾಲು, ಎಐ ಅಂದರೆ ಆಂಗ್ವಿಲಾ, ಕೊ ಅಂದರೆ ಕೊಲಂಬಿಯಾ. ಕೇಳಲು ಚಂದ, ಆದರೆ ನಿಯಮ ಅಲ್ಲಿಯವರದು. 2010ರಲ್ಲಿ ಲಿಬಿಯಾದ ಎಲ್‌ವೈ ತುದಿಯ ವಿಬಿ ಡಾಟ್ ಎಲ್‌ವೈ ಅನ್ನುವ ಕೊಂಡಿ ಚಿಕ್ಕದು ಮಾಡುವ ಸೇವೆಯನ್ನು ಆ ದೇಶದ ಕಾನೂನಿಗೆ ವಿರುದ್ಧ ಅಂತ ಕಿತ್ತುಕೊಂಡರು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಾಗ ಅಲ್ಲಿನ ಸಾವಿರಾರು ಜನರ ಇಯು ಡೊಮೈನ್‌ಗಳು 2021ರ ಜನವರಿಯಲ್ಲಿ ನಿಂತುಹೋದವು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ.

2013ರ ನಂತರ ಶಾಪ್, ಆನ್‌ಲೈನ್ ಅಂತ ನೂರಾರು ಹೊಸ ತುದಿಗಳು ಬಂದಿವೆ. ಇವುಗಳಲ್ಲಿ ಮೊದಲ ವರ್ಷದ ದರ ನೋಡಿ ಮೋಸ ಹೋಗಬೇಡಿ. ಎರಡನೇ ವರ್ಷದ ರಿನ್ಯೂ ದರ ಎಷ್ಟು ಅಂತ ಕೊಳ್ಳುವ ಮುಂಚೆಯೇ ಹುಡುಕಿ, ಎಷ್ಟೋ ಸಲ ಅದು ಹಲವು ಪಟ್ಟು ಇರುತ್ತದೆ. ಪ್ರೀಮಿಯಂ ಅಂತ ಗುರುತು ಹಾಕಿದ ಹೆಸರಾದರೆ ಆ ಜಾಸ್ತಿ ದರ ಪ್ರತಿ ವರ್ಷವೂ ಬರಬಹುದು.

ಹಣ ಕಟ್ಟುವ ಪುಟದಲ್ಲೂ ಕಣ್ಣಿಟ್ಟು ಓದಿ. ಕೇಳದೇ ಇದ್ದದ್ದನ್ನೆಲ್ಲ ಟಿಕ್ ಹಾಕಿ ಇಟ್ಟಿರುತ್ತಾರೆ. ಸೈಟಿನ ಸಂಪರ್ಕ ಸುರಕ್ಷಿತವಾಗಿಡುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗೆ ಸುಮ್ನೆ ದುಡ್ಡು ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಸೈಟ್ ಇಡಲು ಜಾಗ ಕೊಡುವ ಬಹಳಷ್ಟು ಹೋಸ್ಟಿಂಗ್ ಕಂಪನಿಗಳು ತಾವೇ ಹಾಕಿಕೊಡುತ್ತವೆ. ಹೋಸ್ಟಿಂಗ್ ಮತ್ತು ಡೊಮೈನ್ ಬೇರೆ ಬೇರೆ ಕಂಪನಿಯಲ್ಲಿದ್ದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಹೋಸ್ಟಿಂಗ್‌ನವರ ಜೊತೆ ಜಗಳವಾದರೂ ಡೊಮೈನ್ ಸುರಕ್ಷಿತವಾಗಿರುತ್ತದೆ. ಆಮೇಲೆ, ನಿಮ್ಮ ಡೊಮೈನ್ ಅವಧಿ ಮುಗಿಯುತ್ತಿದೆ ಅಂತ ಗುರುತಿಲ್ಲದ ಕಂಪನಿಯಿಂದ ಬಿಲ್ ಥರದ ಪತ್ರ ಬಂದರೆ ಹಣ ಕಟ್ಟಬೇಡಿ. ನೇರವಾಗಿ ನಿಮ್ಮ ಖಾತೆಗೆ ಲಾಗಿನ್ ಆಗಿ ನೋಡಿ.

ಈಗಾಗಲೇ ಡೊಮೈನ್ ಬೇರೆಯವರ ಕೈಯಲ್ಲಿದೆಯಾ? ಇವತ್ತೇ ನೋಡಿ. ಐಕ್ಯಾನ್‌ನ ಲುಕಪ್ ಪುಟದಲ್ಲಿ ನಿಮ್ಮ ಡೊಮೈನ್ ಹಾಕಿದರೆ ಯಾವ ರಿಜಿಸ್ಟ್ರಾರ್, ಯಾವತ್ತಿಗೆ ಮುಗಿಯುತ್ತದೆ ಅನ್ನುವುದು ಕಾಣುತ್ತದೆ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಹೆಸರು, ಫೋನ್ ನಂಬರ್ ಬಹುತೇಕ ಮುಚ್ಚಿರುತ್ತವೆ. ಹಾಗಾಗಿ ನಿಮ್ಮ ಹೆಸರಲ್ಲಿದೆಯಾ ಅಂತ ಖಾತ್ರಿಯಾಗಬೇಕಾದರೆ ಖಾತೆಯ ಒಳಗೇ ನೋಡಬೇಕು. ಸಂಬಂಧ ಚೆನ್ನಾಗಿರುವಾಗಲೇ ಕೇಳಿ, "ಡೊಮೈನನ್ನು ನನ್ನ ಖಾತೆಗೆ ಹಾಕಿಕೊಡಿ" ಅಂತ. ಅದೇ ರಿಜಿಸ್ಟ್ರಾರ್‌ನಲ್ಲಿ ನೀವೂ ಖಾತೆ ತೆರೆದರೆ ಒಳಗಿಂದೊಳಗೇ ಬದಲಾಯಿಸಿಕೊಡಬಹುದು, ಅದು ಸುಲಭ. ಬೇರೆ ರಿಜಿಸ್ಟ್ರಾರ್‌ಗೆ ಹೋಗುವುದಾದರೆ ಈಗಿನ ಖಾತೆದಾರರು ಲಾಕ್ ತೆಗೆದು ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಟ್ಟಿನ ಕೋಡ್) ಕೊಡಬೇಕು. ಹೊಸದಾಗಿ ನೋಂದಣಿಯಾಗಿ ಅಥವಾ ಹಿಂದಿನ ವರ್ಗಾವಣೆಯಾಗಿ 60 ದಿನ ಆಗಿರಬೇಕು. ರಿಜಿಸ್ಟ್ರೆಂಟ್ ಹೆಸರು ಮೊದಲೇ ಬದಲಾಯಿಸಿದರೆ ಇನ್ನೊಂದು 60 ದಿನ ಕಾಯಬೇಕಾಗಬಹುದು, ಆದ್ದರಿಂದ ಯಾವುದು ಮೊದಲು ಅಂತ ರಿಜಿಸ್ಟ್ರಾರನ್ನೇ ಕೇಳಿಕೊಳ್ಳಿ.

ವರ್ಗಾವಣೆ ಶುರು ಮಾಡುವ ಮುಂಚೆ ಹಳೇ ಖಾತೆಯ ಡಿಎನ್‌ಎಸ್ ಪುಟವನ್ನು (ಸೈಟ್, ಇಮೇಲ್ ಎಲ್ಲಿಗೆ ಹೋಗಬೇಕು ಅನ್ನುವ ಪಟ್ಟಿ) ಪೂರ್ತಿ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮುಖ್ಯವಾಗಿ ಎಂಎಕ್ಸ್ ಅಂತ ಇರುವ ಸಾಲುಗಳು ಇಮೇಲ್‌ಗೆ ಸಂಬಂಧಿಸಿದವು. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಸಾಲುಗಳು ನಿಮ್ಮ ಮೇಲ್ ಸ್ಪ್ಯಾಮ್‌ಗೆ ಹೋಗದಂತೆ ನೋಡಿಕೊಳ್ಳುವವು. ಹಳೇ ರಿಜಿಸ್ಟ್ರಾರ್‌ನ ನೇಮ್‌ಸರ್ವರ್ ಬಳಸುತ್ತಿದ್ದರೆ ಡೊಮೈನ್ ಹೊರಟ ಮೇಲೆ ಇವೆಲ್ಲ ಅಲ್ಲಿಂದ ಅಳಿಸಿಹೋಗಬಹುದು. ಹೊಸ ಕಡೆ ಒಂದಕ್ಷರವೂ ತಪ್ಪದಂತೆ ಮೊದಲೇ ತುಂಬಿಡಿ. ಎಲ್ಲ ಮುಗಿದ ಮೇಲೆ ಹೊರಗಿನ ಒಂದು ಇಮೇಲ್‌ನಿಂದ ನಿಮ್ಮ ವಿಳಾಸಕ್ಕೆ ಮೇಲ್ ಹಾಕಿ, ಅಲ್ಲಿಂದ ಉತ್ತರವನ್ನೂ ಕಳಿಸಿ ನೋಡಿ.