ಸಾಹೇಬರಿಗೆ ಏನೂ ಗೊತ್ತಿರಲಿಲ್ಲ

ಷೇರಿನ ಬೆಲೆ ಏರುವಾಗ ಸಿಇಒ ಸರ್ವಜ್ಞ. ಪ್ರತಿ ಲಾಭದ ಹಿಂದೆಯೂ ಅವರದೇ ತಲೆ, ಅದಕ್ಕೇ ಅಷ್ಟು ಸಂಬಳ. ಕಂಪನಿ ಮುಳುಗಿ ವಿಚಾರಣೆ ಶುರುವಾದ ಕೂಡಲೇ ಅದೇ ತಲೆಗೆ ಕೂಡಿ ಕಳೆಯೋದೂ ಮರೆತುಹೋಗಿರುತ್ತದೆ.

ಎನ್ರಾನ್ ನೆನಪಿದೆಯಲ್ಲ? ಸುಳ್ಳು ಲೆಕ್ಕ ತೋರಿಸಿ 2001ರ ಡಿಸೆಂಬರ್‌ನಲ್ಲಿ ದಿವಾಳಿಯಾದ ಅಮೆರಿಕದ ಇಂಧನ ಕಂಪನಿ. ಅದರ ಮಾಜಿ ಸಿಇಒ ಜೆಫ್ರಿ ಸ್ಕಿಲ್ಲಿಂಗ್ 2002ರಲ್ಲಿ ಸಂಸತ್ ಸಮಿತಿ ಎದುರು ಕೂತು, ನಾನು ಅಕೌಂಟೆಂಟ್ ಅಲ್ಲ ಅಂದರು. ಹಾರ್ವರ್ಡ್‌ನಲ್ಲಿ ಎಂಬಿಎ ಓದಿದವರು ಪಾಪ. ಹಾಗಂತ ಕಂಪನಿಯಲ್ಲಿ ನೀತಿಗೇನೂ ಕೊರತೆ ಇರಲಿಲ್ಲ. 64 ಪುಟದ ನೀತಿ ಸಂಹಿತೆ ಅಚ್ಚಾಗಿತ್ತು, ಮುನ್ನುಡಿ ಬರೆದವರು ಸಾಕ್ಷಾತ್ ಅಧ್ಯಕ್ಷ ಕೆನೆತ್ ಲೇ. 2006ರಲ್ಲಿ ಹ್ಯೂಸ್ಟನ್ ಕೋರ್ಟು ಇಬ್ಬರನ್ನೂ ತಪ್ಪಿತಸ್ಥರೆಂದಿತು.

ಆದರೆ ಈ ವಿದ್ಯೆಯಲ್ಲಿ ಗುರು ಅಂದರೆ ಅಮೆರಿಕದ್ದೇ ವರ್ಲ್ಡ್‌ಕಾಮ್‌ನ ಸಿಇಒ ಆಗಿದ್ದ ಬರ್ನಿ ಎಬ್ಬರ್ಸ್. ಲೆಕ್ಕದಲ್ಲಿ 1,100 ಕೋಟಿ ಡಾಲರ್ ಗೋಲ್‌ಮಾಲ್. ಇವರು ಕೋರ್ಟಿನಲ್ಲಿ ಹೇಳಿದ್ದು: ನನಗೆ ತಂತ್ರಜ್ಞಾನ ಗೊತ್ತಿಲ್ಲ, ಹಣಕಾಸು, ಲೆಕ್ಕಪತ್ರವೂ ಗೊತ್ತಿಲ್ಲ. ಟೆಲಿಫೋನ್ ಕಂಪನಿ ಸ್ವಾಮಿ ಅದು! ಫೋನೂ ಗೊತ್ತಿಲ್ಲ, ದುಡ್ಡೂ ಗೊತ್ತಿಲ್ಲ ಅಂದರೆ ದಿನಾ ಆಫೀಸಿಗೆ ಹೋಗಿ ಮಾಡುತ್ತಿದ್ದುದೇನು?

ಅದಕ್ಕೂ ಉತ್ತರ ವಿಚಾರಣೆಯಲ್ಲೇ ಸಿಕ್ಕಿತು. ಆಫೀಸಿನ ಕಾಫಿಪುಡಿ ಪೊಟ್ಟಣಕ್ಕೂ ಫಿಲ್ಟರ್ ಕಾಗದಕ್ಕೂ ಲೆಕ್ಕ ತಾಳೆಯಾಗುತ್ತಿಲ್ಲ, ಯಾರೋ ಪುಡಿ ಕದಿಯುತ್ತಿದ್ದಾರೆ ಅಂತ ಸಾಹೇಬರು ಕಂಡುಹಿಡಿದಿದ್ದರಂತೆ. ಎಂಥ ಚುರುಕು ಕಣ್ಣು! ಪೊಟ್ಟಣ ಕಡಿಮೆಯಾದದ್ದು ಕಾಣಿಸಿತು, ನೂರಾರು ಕೋಟಿ ಸುಮ್ನೆ ಹುಟ್ಟಿಕೊಂಡದ್ದು ಕಾಣಿಸಲಿಲ್ಲ. ಜ್ಯೂರಿ ನಂಬಲಿಲ್ಲ. 2005ರ ಜುಲೈ 13ರಂದು 25 ವರ್ಷದ ಜೈಲು ಶಿಕ್ಷೆಯಾಯಿತು.

ಅದಕ್ಕೆ ಹದಿನೈದು ದಿನ ಮುಂಚೆ ಅಲಬಾಮದಲ್ಲಿ ಬೇರೆಯದೇ ಕಥೆ. ಹೆಲ್ತ್‌ಸೌತ್ ಆಸ್ಪತ್ರೆ ಕಂಪನಿ, 270 ಕೋಟಿ ಡಾಲರ್ ಸುಳ್ಳು ಲೆಕ್ಕ. ಒಬ್ಬರಾದ ಮೇಲೆ ಒಬ್ಬರು ಹಣಕಾಸು ಮುಖ್ಯಸ್ಥರಾಗಿದ್ದ ಐದೂ ಜನ ತಪ್ಪೊಪ್ಪಿಕೊಂಡಿದ್ದರು. ಅವರೆಲ್ಲರ ಮೇಲಿದ್ದ ಸಂಸ್ಥಾಪಕ ರಿಚರ್ಡ್ ಸ್ಕ್ರೂಶಿಗೆ ಮಾತ್ರ ಏನೂ ತಿಳಿದಿರಲಿಲ್ಲ, ಕೆಳಗಿನವರು ಮುಚ್ಚಿಟ್ಟರು ಅನ್ನುವುದು ವಕೀಲರ ವಾದ. ಐದು ಜನ, ಸಾಹೇಬರ ಎದುರು ಒಬ್ಬರೂ ಬಾಯಿ ಬಿಡಲಿಲ್ಲ ಅಂದರೆ ಎಂಥ ಶಿಸ್ತಿನ ಕಂಪನಿ ಅಲ್ವಾ? ಆ ದಿನಗಳಲ್ಲಿ ಸ್ಕ್ರೂಶಿ ಹೆಂಡತಿ ಜೊತೆ ಟಿವಿಯಲ್ಲಿ ಬೆಳಗಿನ ಧಾರ್ಮಿಕ ಕಾರ್ಯಕ್ರಮವನ್ನೂ ನಡೆಸುತ್ತಿದ್ದರು. 36 ಆರೋಪ, ಅಷ್ಟರಲ್ಲೂ ಖುಲಾಸೆ. (ಮುಂದಿನ ವರ್ಷ ಲಂಚದ ಬೇರೊಂದು ಕೇಸಿನಲ್ಲಿ ಸಿಕ್ಕಿಬಿದ್ದರು, ಅದು ಬಿಡಿ.)

ಇಬ್ಬರದೂ ಒಂದೇ ವಾದ, ನನಗೆ ಗೊತ್ತಿಲ್ಲ. ಒಬ್ಬರು ಜೈಲಿಗೆ, ಇನ್ನೊಬ್ಬರು ಮನೆಗೆ. ಮುಂದಿನ ಸಿಇಒಗಳಿಗೆ ಅವರ ವಕೀಲರು ಮೊದಲ ದಿನವೇ ಹೇಳಿಕೊಡಬೇಕಾದ ಪಾಠ ಇದರಲ್ಲಿದೆ. ಗೊತ್ತಿಲ್ಲ ಅನ್ನುವುದಾದರೆ ಪೂರ್ತಿ ಗೊತ್ತಿಲ್ಲ ಅನ್ನಿ ಸಾರ್, ದಯವಿಟ್ಟು ಕಾಫಿಪುಡಿ ಪೊಟ್ಟಣ ಮಾತ್ರ ಎಣಿಸಬೇಡಿ.