ಒಂದು ಕೋರ್ಸು, ಎರಡು ಖಾತೆ: ರನ್ನಿಂಗ್ ಸ್ಟಾರ್ಟ್‌ಗೆ ಸೇರಿಸುವ ಮುನ್ನ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರಿಗಾಗಿ ಈ ಬರಹ. ಮಗನೋ ಮಗಳೋ ಹತ್ತನೇ ಗ್ರೇಡಿಗೆ ಬಂದರೆ ಸಾಕು, ಸಿಯಾಟಲ್, ಬೆಲ್‌ವ್ಯೂ, ಬಾಥೆಲ್ ಸುತ್ತಮುತ್ತಲಿನ ಮನೆಗಳಲ್ಲಿ ರನ್ನಿಂಗ್ ಸ್ಟಾರ್ಟ್ ಮಾತು ಶುರುವಾಗುತ್ತದೆ. ಇದು 1990ರ ಕಾನೂನಿನಿಂದ ಬಂದದ್ದು. ಹನ್ನೊಂದು, ಹನ್ನೆರಡನೇ ಗ್ರೇಡಿನವರು ಹೈಸ್ಕೂಲಿನಲ್ಲಿ ಹೆಸರು ಉಳಿಸಿಕೊಂಡೇ ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸ್ಥಳೀಯ ಕಾಲೇಜು) ಹೋಗಿ ಓದಬಹುದು. ಟ್ಯೂಷನ್ ಫೀ ಇಲ್ಲ. ಅಲ್ಲಿ ಪಾಸಾದ ಕೋರ್ಸು ಕಾಲೇಜಿನ ಲೆಕ್ಕಕ್ಕೂ ಬರುತ್ತದೆ, ಹೈಸ್ಕೂಲಿನ ಲೆಕ್ಕಕ್ಕೂ ಬರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದು ಬಹಳ ಒಳ್ಳೆಯ ವ್ಯವಸ್ಥೆ. ಆದರೆ "ಕಾಲೇಜಿನ ಎರಡು ವರ್ಷ ಉಳೀತು" ಅನ್ನುವ ಒಂದೇ ಆಸೆಯಿಂದ ಹೊರಟವರಿಗೇ ಇದರಲ್ಲಿ ಹೆಚ್ಚು ಪೆಟ್ಟು ಬೀಳುವುದು. ಒಂದು ಕೋರ್ಸು ಎರಡು ಖಾತೆಗೆ ಜಮೆಯಾಗುತ್ತದೆ, ನಾವು ಮಾತ್ರ ಕಾಲೇಜಿನ ಖಾತೆಯೊಂದನ್ನೇ ನೋಡುತ್ತಾ ಕೂರುತ್ತೇವೆ.

ಹೈಸ್ಕೂಲಿನ ಖಾತೆ ಹೇಗೆ ನಡೆಯುತ್ತದೆ ನೋಡಿ. ಕಾಲೇಜಿನ 5 ಕ್ವಾರ್ಟರ್ ಕ್ರೆಡಿಟ್ (ಕ್ವಾರ್ಟರ್ ಅಂದರೆ ಸುಮಾರು ಹತ್ತು ವಾರದ ಪಾಠದ ಅವಧಿ) ಅಂದರೆ ಹೈಸ್ಕೂಲಿನ 1 ಕ್ರೆಡಿಟ್. ಅಂದರೆ ಅಲ್ಲಿ ವರ್ಷವಿಡೀ ಕೂತು ಗಳಿಸುವುದನ್ನು ಇಲ್ಲಿ ಒಂದು ಕ್ವಾರ್ಟರಿನಲ್ಲಿ ಗಳಿಸಬಹುದು. 3 ಕ್ರೆಡಿಟ್ಟಿನ ಕೋರ್ಸಿಗೆ 0.6, 1 ಕ್ರೆಡಿಟ್ಟಿನದಕ್ಕೆ 0.2. ರಾಜ್ಯದ ನಿಯಮದ ಪ್ರಕಾರ ಡಿಪ್ಲೊಮಾಗೆ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರಕ್ಕೆ, ಒಟ್ಟು 24 ಕ್ರೆಡಿಟ್ ಬೇಕು: ಇಂಗ್ಲಿಷ್ 4, ಗಣಿತ 3, ವಿಜ್ಞಾನ 3, ಸಮಾಜ ವಿಜ್ಞಾನ 3, ಹೀಗೆ. ಕಾಲೇಜಿನ ಇಂಗ್ಲಿಷ್ 101 ಮತ್ತು 102 ಎರಡನ್ನೂ ಮುಗಿಸಿದರೆ ಹನ್ನೊಂದು, ಹನ್ನೆರಡು ಎರಡೂ ವರ್ಷದ ಇಂಗ್ಲಿಷ್ ಮುಗಿಯಿತು. ಇಲ್ಲಿಯ ತನಕ ಎಲ್ಲ ಸಲೀಸು.

ಎಡವುವುದು ಸಣ್ಣ ವಿಷಯಗಳಲ್ಲಿ. 24ರಲ್ಲಿ ದೈಹಿಕ ಶಿಕ್ಷಣಕ್ಕೆ 1.5, ಆರೋಗ್ಯಕ್ಕೆ 0.5, ಸಿವಿಕ್ಸಿಗೆ (ಪೌರನೀತಿ) 0.5 ಮೀಸಲು. ದೈಹಿಕ ಶಿಕ್ಷಣದ 1.5 ಅನ್ನು ಕಾಲೇಜಿನಲ್ಲಿ ತುಂಬಿಸಬೇಕೆಂದರೆ 7.5 ಕ್ರೆಡಿಟ್ ಬೇಕು, ಅಲ್ಲಿನ ವ್ಯಾಯಾಮದ ಕೋರ್ಸುಗಳು ಸಾಮಾನ್ಯವಾಗಿ ಒಂದೊಂದು, ಎರಡೆರಡು ಕ್ರೆಡಿಟ್ಟಿನವು. ಕ್ಯಾಲ್ಕ್ಯುಲಸ್‌ನಲ್ಲಿ ಎ ಬಂದಿರುವ ಹುಡುಗನಿಗೆ ಕೊನೆಯ ವರ್ಷದ ಫೆಬ್ರವರಿಯಲ್ಲಿ ವ್ಯಾಯಾಮದ ಕ್ರೆಡಿಟ್ ಸಾಲದು ಅನ್ನುವ ಕಾಗದ ಬರುವುದು ಹೀಗೆ. ಆದ್ದರಿಂದ ದೈಹಿಕ ಶಿಕ್ಷಣ, ಆರೋಗ್ಯ ಎರಡನ್ನೂ ಒಂಬತ್ತು, ಹತ್ತನೇ ಗ್ರೇಡಿನಲ್ಲೇ ಮುಗಿಸಿಬಿಡಿ. ಯಾವ ಕಾಲೇಜು ಕೋರ್ಸು ಡಿಪ್ಲೊಮಾದ ಯಾವ ಅಗತ್ಯಕ್ಕೆ ಸಲ್ಲುತ್ತದೆ ಅನ್ನುವುದನ್ನು ಹೈಸ್ಕೂಲಿನ ಕೌನ್ಸೆಲರ್ ಹತ್ತಿರವೇ ಇಮೇಲಿನಲ್ಲಿ ಬರೆಸಿಕೊಳ್ಳಿ. ಕಾಲೇಜಿನ ಸಲಹೆಗಾರರು ಕಾಲೇಜಿನ ಡಿಗ್ರಿಯ ಲೆಕ್ಕ ನೋಡುತ್ತಾರೆ, ನಿಮ್ಮ ಡಿಪ್ಲೊಮಾದ ಲೆಕ್ಕ ಅವರ ಕೆಲಸವಲ್ಲ.

ಇದನ್ನು ಪಿಯುಸಿ ಅಂದುಕೊಳ್ಳುವ ತಪ್ಪು ನಮ್ಮವರಲ್ಲಿ ಬಹಳ. ಪಿಯುಸಿಯಲ್ಲಿ ವರ್ಷವಿಡೀ ತಟ್ಟಾಡಿದರೂ ಕೊನೆಯ ಎರಡು ತಿಂಗಳು ಗಟ್ಟಿಯಾಗಿ ಕೂತು ಓದಿ ಬೋರ್ಡ್ ಪರೀಕ್ಷೆಯಲ್ಲಿ ಸರಿಮಾಡಿಕೊಳ್ಳಬಹುದು, ಹೋದರೆ ಮತ್ತೆ ಬರೆಯುವ ಅವಕಾಶ ಇದೆ. ಇಲ್ಲಿ ಕ್ವಾರ್ಟರಿನಲ್ಲಿ ಪಾಠ ನಡೆಯುವುದೇ ಸುಮಾರು ಹತ್ತು ವಾರ. ಒಂದು ವಾರ ಜ್ವರ ಬಂದು ಮಲಗಿದರೆ ಕೋರ್ಸಿನ ಹತ್ತನೇ ಒಂದು ಭಾಗ ಹೋಯಿತು. ಮೂರು ನಾಲ್ಕನೇ ವಾರಕ್ಕೆ ಮೊದಲ ದೊಡ್ಡ ಪರೀಕ್ಷೆ ಬಂದಿರುತ್ತದೆ. 5 ಕ್ರೆಡಿಟ್ಟಿನ ಕೋರ್ಸಿಗೆ ವಾರಕ್ಕೆ ಸುಮಾರು 5 ಗಂಟೆ ತರಗತಿ, 10 ಗಂಟೆ ಮನೆಯ ಓದು ಅಂತ ಇಟ್ಟುಕೊಳ್ಳಿ. 15 ಕ್ರೆಡಿಟ್ ಅಂದರೆ ವಾರಕ್ಕೆ 45 ಗಂಟೆ. ಹದಿನಾರು ವರ್ಷದ ಮಗುವಿಗೆ ಅದು ಪೂರ್ತಿ ಒಂದು ನೌಕರಿ.

ಅಸೋಸಿಯೇಟ್ ಡಿಗ್ರಿಗೆ, ಅಂದರೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಪದವಿಗೆ, 90 ಕ್ರೆಡಿಟ್. ಎರಡು ವರ್ಷಕ್ಕೆ ಆರು ಕ್ವಾರ್ಟರ್, ಆರಕ್ಕೂ ಹದಿನೈದರಂತೆ ತೆಗೆದುಕೊಂಡರೆ ಸರಿಯಾಗಿ 90. ಉಸಿರಾಡಲು ಜಾಗವಿಲ್ಲ, ಒಂದು ಕೋರ್ಸು ಕೈಕೊಟ್ಟರೆ ಇಡೀ ಲೆಕ್ಕ ಕೆಡುತ್ತದೆ. ಹೈಸ್ಕೂಲಿನ ಕ್ಲಾಸು ಮತ್ತು ಕಾಲೇಜಿನ ಕ್ರೆಡಿಟ್ ಸೇರಿ ಸರ್ಕಾರ ಹಣ ಕೊಡುವುದಕ್ಕೂ ಮಿತಿ ಇದೆ, ಒಟ್ಟು 1.4 ಎಫ್‌ಟಿಇ (1.0 ಅಂದರೆ ಪೂರ್ಣಾವಧಿಯ ಒಬ್ಬ ವಿದ್ಯಾರ್ಥಿಯ ಲೆಕ್ಕ). 15 ಕಾಲೇಜು ಕ್ರೆಡಿಟ್ಟಿಗೆ 1.0, ಉಳಿದದ್ದು ಹೈಸ್ಕೂಲಿನ ಕ್ಲಾಸಿಗೆ. ದಾಟಿದರೆ ಆ ಹೆಚ್ಚಿನ ಕ್ರೆಡಿಟ್ಟಿಗೆ ಕೈಯಿಂದ ಕಟ್ಟಬೇಕು. ಮೊದಲ ಕ್ವಾರ್ಟರಿಗೆ ಎರಡೇ ಕೋರ್ಸು, 10 ಕ್ರೆಡಿಟ್, ಜೊತೆಗೆ ಹೈಸ್ಕೂಲಿನಲ್ಲಿ ಎರಡು ಮೂರು ಕ್ಲಾಸು: ಹೆಚ್ಚಿನ ಮಕ್ಕಳಿಗೆ ಇದೇ ಸರಿ ಅನ್ನುವುದು ನನ್ನ ದೃಢವಾದ ಅಭಿಪ್ರಾಯ. ಎರಡರಲ್ಲಿ ಒಂದು ಇಂಗ್ಲಿಷ್ 101 ಇರಲಿ, ಇನ್ನೊಂದು ಲ್ಯಾಬ್ ಇರುವ ಕೆಮಿಸ್ಟ್ರಿ ಆಗದಿರಲಿ. ಕೋರ್ಸಿನ ಹೆಸರಿನ ಮುಂದೆ & ಗುರುತು ಇದ್ದರೆ ಅದು ರಾಜ್ಯದ ಕಮ್ಯುನಿಟಿ ಮತ್ತು ಟೆಕ್ನಿಕಲ್ ಕಾಲೇಜುಗಳಲ್ಲೆಲ್ಲ ಒಂದೇ ಸಂಖ್ಯೆ ಇರುವ ಕೋರ್ಸು; ಕಾಲೇಜು ಬದಲಾದರೂ ಗುರುತಿಸುವುದು ಸುಲಭ.

ಪುಕ್ಕಟೆ ಅನ್ನುವುದು ಟ್ಯೂಷನ್ನಿಗೆ ಮಾತ್ರ. ಪುಸ್ತಕ, ಲ್ಯಾಬ್ ಫೀ, ಓಡಾಟ ನಿಮ್ಮದು. ಆದಾಯ ಕಡಿಮೆ ಇರುವ ಮನೆಯವರಿಗೆ ಫೀ ವಿನಾಯಿತಿ ಇದೆ, ಕೇಳಿ ಪಡೆಯಬೇಕು. ಕ್ಲಾಸ್ ಪಟ್ಟಿಯಲ್ಲಿ ಒಇಆರ್ (ಎಲ್ಲರಿಗೂ ಮುಕ್ತವಾಗಿ ಸಿಗುವ ಪಠ್ಯ ಸಾಮಗ್ರಿ) ಅಂತ ಗುರುತಿದ್ದರೆ ಪುಸ್ತಕದ ಖರ್ಚು ಉಳಿಯುತ್ತದೆ.

ಗ್ರೇಡಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಒಮ್ಮೆ ಬಿದ್ದ ಪೆಟ್ಟು ಹೆಚ್ಚು ಕಾಲ ನೋಯುವುದು ಇಲ್ಲೇ. ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಜೀವನಪೂರ್ತಿ ಉಳಿಯುವ ದಾಖಲೆ. ಮುಂದೆ ಎಲ್ಲಿ ಅರ್ಜಿ ಹಾಕಿದರೂ ಹದಿನಾರನೇ ವಯಸ್ಸಿನ ಆ ಸಿ ಮೈನಸ್ ಜೊತೆಗೇ ಬರುತ್ತದೆ. ಸಾಮಾನ್ಯವಾಗಿ ಪಾಠ ಶುರುವಾದ ಮೊದಲ ಹತ್ತು ದಿನದೊಳಗೆ ಕೋರ್ಸು ಬಿಟ್ಟರೆ ಗುರುತೇ ಉಳಿಯುವುದಿಲ್ಲ, ಆಮೇಲೆ ಬಿಟ್ಟರೆ ಡಬ್ಲ್ಯೂ (ನಡುವೆ ಬಿಟ್ಟ ಗುರುತು) ಬೀಳುತ್ತದೆ. ಕೊನೆಯ ದಿನಾಂಕ ಕಳೆದ ಮೇಲೆ ಹೋಗದೆ ಸುಮ್ಮನಿದ್ದರೆ ಎಫ್. ಡಬ್ಲ್ಯೂ, ಎಫ್‌ಗಳು ಮುಂದೆ ಫೆಡರಲ್ ಹಣಕಾಸು ನೆರವಿನ ಪ್ರಗತಿ ಲೆಕ್ಕದಲ್ಲೂ ಸೇರುತ್ತವೆ. ಇಷ್ಟು ದಿನ ಬಿಟ್ಟಿಯಾಗಿ ಓದಿದ್ದಕ್ಕೆ ಆಗ ಬೆಲೆ ತೆರಬೇಕಾಗುತ್ತದೆ. ಮೊದಲ ವಾರದಲ್ಲೇ ಮೇಷ್ಟ್ರ ಸಿಲಬಸ್ ಮಗುವಿನ ಜೊತೆ ಕೂತು ಓದಿ, ಆ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ.

ಕೂತು ಓದಿ ಅಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ನೀವು ಕಾಲೇಜಿಗೆ ಫೋನ್ ಮಾಡಿ "ನಮ್ಮ ಮಗಳು ಹೇಗೆ ಓದ್ತಿದ್ದಾಳೆ" ಅಂತ ಕೇಳಿದರೆ ಉತ್ತರ ಬರುವುದಿಲ್ಲ. 1974ರ ಫೆರ್ಪಾ, ಅಂದರೆ ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆ ಕಾಯುವ ಫೆಡರಲ್ ಕಾನೂನಿನಡಿ ಕಾಲೇಜಿಗೆ ಕಾಲಿಟ್ಟ ವಿದ್ಯಾರ್ಥಿಯ ದಾಖಲೆಯ ಹಕ್ಕು ವಿದ್ಯಾರ್ಥಿಯದೇ, ವಯಸ್ಸು ಹದಿನಾರಾದರೂ. ಮೇಷ್ಟ್ರಿಗೆ ಇಮೇಲ್ ಬರೆಯುವುದು, ಆಫೀಸ್ ಅವರ್‌ಗೆ ಹೋಗಿ ಡೌಟು ಕೇಳುವುದು ಮಗುವಿಗೇ ಬರಬೇಕು. ಅದು ಬರದ ಮಗುವಿಗೆ, ಎಷ್ಟೇ ಬುದ್ಧಿವಂತನಾಗಿರಲಿ, ಇನ್ನೊಂದು ವರ್ಷ ಹೈಸ್ಕೂಲೇ ಒಳ್ಳೆಯದು. ಹೈಸ್ಕೂಲಿನಲ್ಲಿ 504 ಅಥವಾ ಐಇಪಿ (ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಕೊಡುವ ವಿಶೇಷ ನೆರವು) ಸೌಲಭ್ಯ ಇದ್ದರೆ ಅದೂ ತಾನಾಗಿ ಕಾಲೇಜಿಗೆ ಬರುವುದಿಲ್ಲ; ಅಲ್ಲಿನ ವಿಕಲಚೇತನ ಸೇವಾ ಕಚೇರಿಯಲ್ಲಿ ಬೇರೆಯಾಗಿ ನೋಂದಾಯಿಸಬೇಕು.

ಇನ್ನು "ಎರಡು ವರ್ಷ ಉಳಿತಾಯ". ಮುಂದೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಇದು ಬಹುಪಾಲು ನಿಜ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಕಮ್ಯುನಿಟಿ ಕಾಲೇಜಿನ 90 ಕ್ರೆಡಿಟ್ ತನಕ ಒಪ್ಪುತ್ತದೆ, ಮಗು ಅರ್ಜಿ ಹಾಕುವುದೂ ಫ್ರೆಶ್‌ಮನ್ (ಮೊದಲ ವರ್ಷದ ವಿದ್ಯಾರ್ಥಿ) ಆಗಿಯೇ. ಆದರೆ ಎಂಜಿನಿಯರಿಂಗ್ ಓದುವವರಿಗೆ ಗಣಿತ, ಆಮೇಲೆ ಫಿಸಿಕ್ಸ್, ಆಮೇಲೆ ಮೇಜರ್ (ಪದವಿಯ ಮುಖ್ಯ ವಿಷಯ) ಅನ್ನುವ ಸರಪಳಿ ಇದೆ. ಸೈಕಾಲಜಿ, ಇತಿಹಾಸ, ಸಿನಿಮಾ ಕೋರ್ಸುಗಳಿಂದ 90 ತುಂಬಿಸಿದ ಡಿಗ್ರಿ ಆ ಸರಪಳಿಯ ಒಂದು ಕೊಂಡಿಯನ್ನೂ ಕಡಿಮೆ ಮಾಡುವುದಿಲ್ಲ. ಅಂಥವರು ಡಿಗ್ರಿಯ ಹಠ ಬಿಟ್ಟು ಕ್ಯಾಲ್ಕ್ಯುಲಸ್ 151, 152, 153, ಆಮೇಲೆ ಎಂಜಿನಿಯರಿಂಗ್ ಫಿಸಿಕ್ಸ್ ಹಿಡಿಯುವುದು ಮೇಲು. ದೇಶದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಕತೆ ಬೇರೆ: ಹೈಸ್ಕೂಲ್ ಡಿಪ್ಲೊಮಾಗೆ ಎಣಿಸಿದ ಕೋರ್ಸಿಗೆ ಮತ್ತೆ ಕ್ರೆಡಿಟ್ ಕೊಡದವು ಅವುಗಳಲ್ಲಿ ಬಹಳ.

ನಮ್ಮವರು ಗಮನಿಸದ ಒಂದು ದಾರಿ ಹೇಳಲೇಬೇಕು. ಅನ್ಯಭಾಷೆಯ ಕ್ರೆಡಿಟ್ಟಿಗಾಗಿ ಸ್ಪ್ಯಾನಿಷ್‌ನ ಎರಡು ಕ್ವಾರ್ಟರ್ ಖರ್ಚು ಮಾಡುವ ಮುಂಚೆ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಕನ್ನಡದ ಸಾಮರ್ಥ್ಯ ಪರೀಕ್ಷೆ ಕೊಡಿಸುತ್ತಾರಾ ಕೇಳಿ. ವಾಷಿಂಗ್ಟನ್‌ನಲ್ಲಿ ಮನೆಮಾತಿನ ಬಲದ ಮೇಲೆ 4 ಕ್ರೆಡಿಟ್ ತನಕ ಸಿಗುತ್ತದೆ. ಮಾತಾಡುವುದಷ್ಟೇ ಅಲ್ಲ, ಬರೆಯಲೂ ಬರಬೇಕು. ಭಾನುವಾರದ ಕನ್ನಡ ಶಾಲೆಗೆ ಹೋಗಿ ಅಕ್ಷರ ತಿದ್ದಿದ ಮಕ್ಕಳಿಗೆ ಇಲ್ಲಿ ಫಲ ಕೈಗೆ ಸಿಗುತ್ತದೆ.

ಕೊನೆಗೆ ಕಾಗದಪತ್ರ. ಪ್ರತಿ ಕ್ವಾರ್ಟರಿಗೂ ಎನ್‌ರೋಲ್‌ಮೆಂಟ್ ವೆರಿಫಿಕೇಶನ್ ಫಾರ್ಮ್ ತುಂಬಬೇಕು. ವಿದ್ಯಾರ್ಥಿ, ಪೋಷಕರು, ಹೈಸ್ಕೂಲಿನ ಕೌನ್ಸೆಲರ್ ಎಲ್ಲರ ಸಹಿಯೂ ಬೇಕು. ಫಾಲ್ ಕ್ವಾರ್ಟರ್ ಸೆಪ್ಟೆಂಬರ್ ಕೊನೆಗೆ ತಾನೇ ಅಂತ ಬಿಟ್ಟರೆ ಜುಲೈಯಲ್ಲಿ ಹೈಸ್ಕೂಲಿನ ಬಾಗಿಲು ಹಾಕಿರುತ್ತದೆ, ಕೌನ್ಸೆಲರ್ ರಜೆಯಲ್ಲಿರುತ್ತಾರೆ, ಅಷ್ಟರಲ್ಲಿ ಇಂಗ್ಲಿಷ್ 101ರ ಒಳ್ಳೆಯ ವೇಳೆಯ ಸೀಟುಗಳೆಲ್ಲ ತುಂಬಿರುತ್ತವೆ. ಜೂನ್ ಮೊದಲ ವಾರದೊಳಗೆ ಸಹಿ ಹಾಕಿಸಿಕೊಂಡುಬಿಡಿ.