ಚಾಚಾನ ಮೇಲ್ ಸ್ಪ್ಯಾಮ್‌ಗೆ ಯಾಕೆ ಬಿತ್ತು?

ನಿನ್ನೆ ರಾತ್ರಿ ಬೀದರ್‌ನಿಂದ ಕಲಬುರಗಿಗೆ ವಾಪಸ್ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಬಿದ್ರಿ ಕೆಲಸ ಮಾಡುವ ಚಾಚಾ ಒಬ್ಬರ ಅಂಗಡಿಗೆ ಹೋಗಿದ್ದೆ. ಹೋದ ವರ್ಷ ಯಾರೋ ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದಾರೆ. ನೋಡಲು ಚೆನ್ನಾಗೇ ಇದೆ. ಫೋಟೋ, ದರ, ಆರ್ಡರ್ ಫಾರಂ ಎಲ್ಲ ಇದೆ. ಚಾಚಾ ಹೂದಾನಿಗೆ ಬೆಳ್ಳಿ ತಂತಿ ಕೂರಿಸುತ್ತಾ, ತಲೆ ಎತ್ತದೇ ಹೇಳಿದರು: "ನಮ್ ಮೇಲ್ ಯಾರಿಗೂ ಮುಟ್ಟಂಗಿಲ್ಲ ನೋಡ್ರಿ." ಬೆಂಗಳೂರಿನವರೊಬ್ಬರು ಮದುವೆ ಉಡುಗೊರೆಗೆ ನಲವತ್ತು ಡಬ್ಬಿ ಕೇಳಿದ್ದರಂತೆ. ಇವರು ಅವತ್ತೇ ದರ ಬರೆದು ಕಳಿಸಿದ್ದಾರೆ. ಅವರು ಉತ್ತರ ಬರಲಿಲ್ಲ ಅಂತ ಬೇರೆ ಕಡೆ ತಗೊಂಡರು.

ನನಗೊಂದು ಮೇಲ್ ಹಾಕಿ ಅಂದೆ. ನೇರ ಸ್ಪ್ಯಾಮ್‌ಗೆ ಬಿತ್ತು. ಮೇಲ್‌ನ ಒಳ ವಿವರ ನೋಡಲು ಜಿಮೇಲ್‌ನಲ್ಲಿ 'ಶೋ ಒರಿಜಿನಲ್' ಒತ್ತಿದೆ. ಮೇಲ್ ಅಸಲಿಯೋ ನಕಲಿಯೋ ಅಂತ ನೋಡುವ ಪರೀಕ್ಷೆ ಮೂರು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಎಸ್‌ಪಿಎಫ್ ಮುಂದೆ 'ಪರ್ಮ್‌ಎರರ್', ಅಂದರೆ ಬರೆದಿರುವುದೇ ತಪ್ಪು. ಡಿಕಿಮ್ ಇಲ್ಲವೇ ಇಲ್ಲ. ಡಿಮಾರ್ಕ್ ಅಂತೂ ಯಾರೂ ಹಾಕೇ ಇಲ್ಲ. ಡಿಎನ್‌ಎಸ್, ಅಂದರೆ ಡೊಮೇನ್‌ನ (ವೆಬ್‌ಸೈಟ್ ಹೆಸರಿನ) ವಿವರ ಬರೆದಿಡುವ ಪಟ್ಟಿ, ತೆಗೆದು ನೋಡಿದರೆ ಎಸ್‌ಪಿಎಫ್ ಸಾಲು ಎರಡು! ಒಂದು ಹೋಸ್ಟಿಂಗ್‌ನದು, ಇನ್ನೊಂದು ಮೇಲ್ ಸರ್ವೀಸ್‌ಗೆ ಅಂತ ಆಮೇಲೆ ಅಂಟಿಸಿದ್ದು. ಒಂದು ಡೊಮೇನ್‌ಗೆ ಎಸ್‌ಪಿಎಫ್ ಒಂದೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಅಂಟಿಸಿದವರು ಒಂದೇ ಒಂದು ಮೇಲ್ ಕಳಿಸಿ ನೋಡಿದ್ದರೂ ಗೊತ್ತಾಗುತ್ತಿತ್ತು. ನೋಡಿಲ್ಲ. ದುಡ್ಡು ತಗೊಂಡು ಹೋಗಿದ್ದಾರೆ.

ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಮೇಲ್ ಸಾಗುವ ಎಸ್‌ಎಂಟಿಪಿ ಪದ್ಧತಿ 1982ರದು. ಕಳಿಸಿದವರ ಹೆಸರಲ್ಲಿ ಯಾರು ಏನು ಬರೆದರೂ ಅದು ಕೇಳುತ್ತಿರಲಿಲ್ಲ. ಅಂಚೆ ಕವರ್ ಮೇಲೆ ಯಾರ ವಿಳಾಸ ಬೇಕಾದರೂ ಬರೆಯಬಹುದಲ್ವಾ, ಹಾಗೆ. ಅದಕ್ಕೇ ಈ ಮೂರು ಬಂದವು. ನಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಎಸ್‌ಪಿಎಫ್ ಹೇಳುತ್ತದೆ. ಡಿಕಿಮ್ ಪ್ರತಿ ಮೇಲ್‌ಗೂ ಸಹಿ ಹಾಕುತ್ತದೆ, ಆ ಸಹಿ ಪರೀಕ್ಷಿಸುವ ಕೀ ಡಿಎನ್‌ಎಸ್‌ನಲ್ಲಿರುತ್ತದೆ. ಇವೆರಡರಲ್ಲಿ ಒಂದಾದರೂ 'ಫ್ರಂ' ವಿಳಾಸದ ಡೊಮೇನ್‌ಗೆ ಹೊಂದಲೇಬೇಕು, ಹೊಂದದಿದ್ದರೆ ಏನು ಮಾಡಬೇಕು ಅನ್ನುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಇದನ್ನು ಬಿಗಿ ಮಾಡಿವೆ. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಬೇಕು. ನಾಲ್ಕು ಮೇಲ್ ಕಳಿಸುವ ಚಾಚಾಗೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕು.

"ಸಣ್ಣ ಅಂಗಡಿಗೆ ಮೇಲ್ ಯಾಕೆ, ವಾಟ್ಸ್‌ಆ್ಯಪ್ ಸಾಕು" ಅಂತ ನೀವು ಕೆಲವರು ಹೇಳುತ್ತೀರಿ, ಗೊತ್ತು. ಹಾಗಿದ್ದರೆ ಆರ್ಡರ್ ಫಾರಂ ಯಾಕೆ ಇಟ್ಟಿರಿ? ಮೇಲ್ ಬರುತ್ತದೆ ಅಂತ ಗಿರಾಕಿಗೆ ಮಾತು ಕೊಟ್ಟ ಮೇಲೆ ಅದು ತಲುಪಬೇಕು. ಸುಮ್ನೆ ನೆಪ ಬೇಡ.

ಅಲ್ಲೇ ಕೂತು ಸರಿ ಮಾಡಿದೆ. ಎರಡು ಎಸ್‌ಪಿಎಫ್ ಸೇರಿಸಿ ಒಂದು ಮಾಡಿದೆ. ಡಿಕಿಮ್ ಕೀ ಹಾಕಿದೆ. ಡಿಮಾರ್ಕ್ ಸದ್ಯಕ್ಕೆ 'ನನ್' (none, ಅಂದರೆ ಹೊಂದದಿದ್ದರೂ ಏನೂ ಮಾಡಬೇಡ) ಅಂತ ಇಟ್ಟಿದ್ದೇನೆ, ವರದಿ ನೋಡಿಕೊಂಡು ಬಿಗಿ ಮಾಡಬೇಕು. ಡಿಎನ್‌ಎಸ್ ಬದಲಾಗುವಷ್ಟರಲ್ಲಿ ಎರಡು ಸಲ ಚಹಾ ಬಂತು. ಆಮೇಲೆ ಚಾಚಾ ಮತ್ತೊಂದು ಮೇಲ್ ಹಾಕಿದರು. ಇನ್‌ಬಾಕ್ಸ್! ಮೂರರ ಮುಂದೆಯೂ 'ಪಾಸ್'. ಚಾಚಾ ಉಳಿ ಕೆಳಗಿಟ್ಟು, ಕೈ ಒರೆಸಿಕೊಂಡು ನನ್ನ ಫೋನ್ ತಾವೇ ಹಿಡಿದು ನೋಡಿದರು.

ಬಸ್ಸಿನಲ್ಲಿ ಬರುವಾಗ ಒಂದು ವಿಷಯ ಕೊರೆಯುತ್ತಲೇ ಇತ್ತು. ವೆಬ್‌ಸೈಟ್ ಕೆಲಸ ಶುರು ಮಾಡಿದ ಹೊಸದರಲ್ಲಿ ನಮ್ಮೂರಿನ ಒಬ್ಬ ಬೇಳೆ ವ್ಯಾಪಾರಿಗೆ ನಾನೂ ಹೀಗೇ ಮಾಡಿದ್ದೆ. ಫಾರಂ ತುಂಬಿದ ಗಿರಾಕಿಯ ಜಿಮೇಲ್ ವಿಳಾಸವನ್ನೇ 'ಫ್ರಂ' ಜಾಗದಲ್ಲಿ ಹಾಕಿ, ನಮ್ಮ ಸರ್ವರ್‌ನಿಂದ ಕಳಿಸುತ್ತಿದ್ದೆ. ಅದು ಸುಳ್ಳು ಹೆಸರಿನ ಮೇಲ್ ಆಗುತ್ತದೆ ಅಂತ ನನಗೆ ತಿಳಿಯಲೇ ಇಲ್ಲ. ಎಷ್ಟೋ ತಿಂಗಳ ವಿಚಾರಣೆ ಅವರಿಗೆ ಸಿಗಲಿಲ್ಲ. ಆಮೇಲೆ ಸರಿ ಮಾಡಿದೆ, ಆದರೆ ಏನು ತಪ್ಪಾಗಿತ್ತು ಅಂತ ಅವರಿಗೆ ಇವತ್ತಿಗೂ ಹೇಳಿಲ್ಲ.

ನಾಳೆ ಗಂಜ್‌ಗೆ (ಮಾರುಕಟ್ಟೆಗೆ) ಹೋಗಿ ಅವರಿಗೆ ಹೇಳಿ ಬರುತ್ತೇನೆ.